ರಾಜ್ಯಶಾಸ್ತ್ರದ ಜೊತೆಗೆ ಯಾವ ವಿಷಯ, ಯಾವ ಕ್ರಮದಲ್ಲಿ ಓದು?

ಪ್ರಶ್ನೆ: ನಾನು ದ್ವಿತೀಯ ಪಿಯುಸಿಯನ್ನು ಕಲಾ ವಿಭಾಗದಲ್ಲಿ, ಕನ್ನಡ ಮಾಧ್ಯಮದಲ್ಲಿ ಮುಗಿಸಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರವನ್ನು ಓದಿದ್ದೇನೆ. ಬಿ.ಎ.ಯಲ್ಲಿ ರಾಜ್ಯಶಾಸ್ತ್ರವನ್ನೇ ಮುಖ್ಯವಾಗಿಟ್ಟುಕೊಳ್ಳಬೇಕೆಂಬ ಆಸೆಯಿದೆ. ಆದರೆ ಅದರ ಜೊತೆಗೆ ಬೇರೆ ಯಾವ ವಿಷಯಗಳನ್ನು ತೆಗೆದುಕೊಳ್ಳಬೇಕೆಂಬುದು ತಿಳಿಯುತ್ತಿಲ್ಲ. ಮುಂದೆ ಕೆಎಎಸ್ ಪರೀಕ್ಷೆಗೆ ಅನುಕೂಲವಾಗುವ ವಿಷಯಗಳನ್ನೇ ಆರಿಸಿಕೊಳ್ಳಬೇಕೆಂದು ಅಪ್ಪ ಹೇಳುತ್ತಾರೆ. ಗೆಳತಿಯರು ಸುಲಭವಾಗಿ ಅಂಕ ಬರುವ ಕಾಂಬಿನೇಷನ್ ತೆಗೆದುಕೊಳ್ಳೋಣ ಎನ್ನುತ್ತಾರೆ. ಮೂರು ವರ್ಷಗಳ ಓದನ್ನು ಹೇಗೆ ಯೋಜಿಸಿಕೊಳ್ಳಬೇಕು? ಕನ್ನಡ ಮಾಧ್ಯಮದಿಂದ ಬಂದಿರುವುದು ತೊಡಕಾಗುತ್ತದೆಯೇ?
— ವಿದ್ಯಾರ್ಥಿನಿ, ಸುಂಕದಕಟ್ಟೆ, ಬೆಂಗಳೂರು

ಉತ್ತರ: ಮೊದಲಿಗೆ, ನಿಮ್ಮ ಕೈಯಲ್ಲಿ ಯಾವ ಆಯ್ಕೆ ಇದೆ, ಯಾವುದು ಇಲ್ಲ ಎಂಬುದನ್ನು ಬೇರ್ಪಡಿಸಿಕೊಳ್ಳಿ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಬಿ.ಎ. ಈಗ ಮೂರು ವರ್ಷಗಳ, ಆರು ಸೆಮಿಸ್ಟರ್‌ಗಳ ಪದವಿ. ರಾಜ್ಯಶಾಸ್ತ್ರದಲ್ಲಿ ಯಾವ ಸೆಮಿಸ್ಟರ್‌ನಲ್ಲಿ ಯಾವ ಪತ್ರಿಕೆ ಬರುತ್ತದೆ ಎಂಬುದನ್ನು ವಿಶ್ವವಿದ್ಯಾಲಯದ ಪಠ್ಯಕ್ರಮವೇ ಬಹುಮಟ್ಟಿಗೆ ಗೊತ್ತುಮಾಡಿರುತ್ತದೆ. ರಾಜಕೀಯ ಸಿದ್ಧಾಂತದ ಮೂಲ ಪರಿಕಲ್ಪನೆಗಳು, ಭಾರತದ ಸಂವಿಧಾನ ಮತ್ತು ಸರ್ಕಾರ, ಪಾಶ್ಚಾತ್ಯ ಹಾಗೂ ಭಾರತೀಯ ರಾಜಕೀಯ ಚಿಂತನೆ, ತೌಲನಿಕ ರಾಜಕೀಯ, ಸಾರ್ವಜನಿಕ ಆಡಳಿತ, ಅಂತರರಾಷ್ಟ್ರೀಯ ಸಂಬಂಧಗಳು, ಕರ್ನಾಟಕದ ಸರ್ಕಾರ ಮತ್ತು ರಾಜಕೀಯ, ಇವು ಸ್ವಲ್ಪ ಹಿಂದೆ ಮುಂದೆ ಎಲ್ಲ ಕಡೆಯೂ ಬರುತ್ತವೆ. ಈ ಪಟ್ಟಿಯನ್ನು ನೀವು ಬದಲಾಯಿಸಲಾಗದು. ನೀವು ನಿಜವಾಗಿ ನಿರ್ಧರಿಸಬೇಕಾದದ್ದು ಜೊತೆಯ ವಿಷಯಗಳನ್ನು, ಭಾಷೆಯನ್ನು, ಆಂತರಿಕ ಮೌಲ್ಯಮಾಪನಕ್ಕೆ ಬರೆಯುವ ನಿಯೋಜನೆಗಳ ವಸ್ತುವನ್ನು ಮತ್ತು ಪಠ್ಯದ ಹೊರಗಿನ ಓದನ್ನು. ಪದವಿಯ ಗುಣಮಟ್ಟ ನಿರ್ಧಾರವಾಗುವುದು ಬಹುತೇಕ ಇವುಗಳಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಂದೆಯವರ ಮಾತಿಗೆ ಬರುತ್ತೇನೆ. ಕೆಎಎಸ್ ಆಗಲಿ, ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಾಗಲಿ, ಮಾನ್ಯತೆಯುಳ್ಳ ಯಾವುದೇ ವಿಷಯದ ಪದವಿ ಇದ್ದವರು ಬರೆಯಬಹುದು. ಕೇಂದ್ರದ ಮುಖ್ಯ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಐಚ್ಛಿಕ ವಿಷಯಕ್ಕೆ ತಲಾ 250 ಅಂಕಗಳ ಎರಡು ಪತ್ರಿಕೆಗಳಿವೆ. ಆದರೆ ಅದನ್ನು ಆರಿಸಿಕೊಳ್ಳಲು ಪದವಿಯಲ್ಲಿ ಅದನ್ನೇ ಓದಿರಬೇಕೆಂಬ ನಿಯಮವಿಲ್ಲ. ಆದ್ದರಿಂದ ಪರೀಕ್ಷೆಯೊಂದನ್ನೇ ನೆನೆದು ಕಾಂಬಿನೇಷನ್ ಆರಿಸುವ ಅಗತ್ಯವಿಲ್ಲ. ಪದವಿಯ ಓದು ಗಟ್ಟಿಯಾಗಿದ್ದವರಿಗೆ ಸಾಮಾನ್ಯ ಅಧ್ಯಯನದ ಪತ್ರಿಕೆಗಳು ಹಗುರವಾಗುತ್ತವೆ. ಪರೀಕ್ಷೆಗೆಂದು ಮೊದಲ ವರ್ಷದಿಂದಲೇ ಗೈಡುಗಳನ್ನು ಹಿಡಿದು ಕೂತವರಿಗೆ ಮಾತ್ರ ಪದವಿಯೂ ತೆಳುವಾಗುತ್ತದೆ, ಪರೀಕ್ಷೆಯ ಸಿದ್ಧತೆಯೂ ತೆಳುವಾಗುತ್ತದೆ. ನಿಮ್ಮ ತಂದೆಯವರ ಕಾಳಜಿ ಸರಿಯಾದದ್ದೇ, ಅದನ್ನು ನೆರವೇರಿಸುವ ದಾರಿ ಮಾತ್ರ ಬೇರೆ ಎಂದು ಅವರಿಗೆ ನಿಧಾನವಾಗಿ ತಿಳಿಸಿ.

ಇನ್ನು ಜೊತೆಯ ವಿಷಯಗಳು. ರಾಜ್ಯಶಾಸ್ತ್ರಕ್ಕೆ ಹತ್ತಿರದ ವಿಷಯವನ್ನೇ ಜೊತೆಗಿಟ್ಟುಕೊಂಡರೆ ಓದು ಸುಲಭವಾಗುತ್ತದೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ರಾಜ್ಯಶಾಸ್ತ್ರ ಈಗಾಗಲೇ ಕೊಡುವುದನ್ನೇ ಇನ್ನೊಂದು ಹೆಸರಿನಲ್ಲಿ ಕೊಡುವ ವಿಷಯ ನಿಮಗೆ ಬೇಡ. ಒಂದು ರಾಜಕೀಯ ಹೇಳಿಕೆ ನಿಜವೇ ಸುಳ್ಳೇ ಎಂದು ಪರಿಶೀಲಿಸುವ ಸಾಧನವನ್ನು ಕೈಗೆ ಕೊಡುವ ವಿಷಯ ಬೇಕು. ಆ ದೃಷ್ಟಿಯಿಂದ ಮೊದಲ ಸ್ಥಾನವನ್ನು ಅರ್ಥಶಾಸ್ತ್ರಕ್ಕೆ ಕೊಡುತ್ತೇನೆ. ನೀವು ಅದನ್ನು ಪಿಯುಸಿಯಲ್ಲಿಯೇ ಓದಿರುವುದರಿಂದ ಅಂಕಿಅಂಶಗಳ ಭಯ ತಕ್ಕಮಟ್ಟಿಗೆ ಕಳೆದಿರುತ್ತದೆ.

ಏಕೆ ಅರ್ಥಶಾಸ್ತ್ರ ಎಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಸುಮಾರು ಶೇ 38ರಷ್ಟು ಮತಗಳನ್ನು ಪಡೆಯಿತು, ಬಿಜೆಪಿ ಸುಮಾರು ಶೇ 36ರಷ್ಟು. ಆದರೆ ಸ್ಥಾನಗಳಲ್ಲಿ ಬಿಜೆಪಿ 104ಕ್ಕೆ ತಲುಪಿತು, ಕಾಂಗ್ರೆಸ್ 80ರ ಆಸುಪಾಸಿನಲ್ಲಿ ನಿಂತಿತು. ಹೆಚ್ಚು ಮತ ಪಡೆದ ಪಕ್ಷಕ್ಕೆ ಕಡಿಮೆ ಸ್ಥಾನ ಬಂದದ್ದು ಹೇಗೆ? ಮತಗಳು ರಾಜ್ಯದಾದ್ಯಂತ ಹರಡಿದ್ದವೇ, ಕೆಲವು ಕ್ಷೇತ್ರಗಳಲ್ಲಿ ಮಾತ್ರ ಗುಡ್ಡೆಯಾಗಿ ಬಿದ್ದವೇ? ಜೆಡಿಎಸ್ ಬಲವಾಗಿದ್ದ ಹಳೇ ಮೈಸೂರು ಭಾಗದಲ್ಲಿ ನಡೆದದ್ದೇ ಬೇರೆಯೇ? ನಮ್ಮ ಚುನಾವಣಾ ಪದ್ಧತಿಯಲ್ಲಿ ಅತಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ ಎಂಬ ಸಾಲನ್ನು ರಾಜ್ಯಶಾಸ್ತ್ರದ ಪಠ್ಯ ಕಲಿಸುತ್ತದೆ. ಆ ಸಾಲು 224 ಕ್ಷೇತ್ರಗಳಲ್ಲಿ ಏನು ಮಾಡಿತು ಎಂಬುದನ್ನು ನೋಡಲು ಕೋಷ್ಟಕ ಓದುವ, ಶೇಕಡಾವಾರು ಲೆಕ್ಕ ಹಾಕುವ, ಸರಾಸರಿ ಏನನ್ನು ಮರೆಮಾಚುತ್ತದೆ ಎಂದು ಗುರುತಿಸುವ ಅಭ್ಯಾಸ ಬೇಕು. ಚುನಾವಣಾ ಆಯೋಗದ ಕ್ಷೇತ್ರವಾರು ಫಲಿತಾಂಶಗಳು ಎಲ್ಲರಿಗೂ ತೆರೆದಿವೆ, ಅವನ್ನು ಕುಳಿತು ಲೆಕ್ಕ ಹಾಕುವ ವಿದ್ಯಾರ್ಥಿಗಳು ಮಾತ್ರ ವಿರಳ. ಅರ್ಥಶಾಸ್ತ್ರದ ತರಗತಿ ಈ ಅಭ್ಯಾಸವನ್ನು ಒತ್ತಾಯದಿಂದಲಾದರೂ ಮಾಡಿಸುತ್ತದೆ. ರಾಜ್ಯದ ಬಜೆಟ್ಟು, ತೆರಿಗೆ ಹಂಚಿಕೆ, ಹಣಕಾಸು ಆಯೋಗದ ಶಿಫಾರಸುಗಳ ಮೇಲೆ ಕೇಂದ್ರ ಮತ್ತು ರಾಜ್ಯಗಳ ನಡುವೆ ನಡೆಯುವ ವಾದಗಳು ಒಕ್ಕೂಟ ವ್ಯವಸ್ಥೆ ಎಂಬ ಅಧ್ಯಾಯದಲ್ಲಿ ಬರಿಯ ಪದಗಳಾಗಿರುತ್ತವೆ. ಅವುಗಳಿಗೆ ಅರ್ಥ ತುಂಬುವುದು ಅಂಕಿಗಳೇ.

ಮೂರನೆಯ ವಿಷಯವಾಗಿ ಇತಿಹಾಸ ಅಥವಾ ಐಚ್ಛಿಕ ಕನ್ನಡ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಹಳೆಯ ಕಾಂಬಿನೇಷನ್ ಬೆಂಗಳೂರಿನ ಕಾಲೇಜುಗಳಲ್ಲಿ ಬಹುಕಾಲದಿಂದ ಉಳಿದುಬಂದಿರುವುದಕ್ಕೆ ಕಾರಣವಿದೆ. ಸಂಸ್ಥೆಗಳು ಆಕಾಶದಿಂದ ಇಳಿದವಲ್ಲ ಎಂಬುದನ್ನು ಇತಿಹಾಸ ಕಲಿಸುತ್ತದೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಇಂದಿನ ವಿಧಾನಮಂಡಲದ ಎರಡು ಸದನಗಳನ್ನು ಓದುವಾಗ ಈ ಹಿನ್ನೆಲೆ ಗೊತ್ತಿದ್ದರೆ ಅರ್ಥವಾಗುವ ಬಗೆಯೇ ಬೇರೆ. ಐಚ್ಛಿಕ ಕನ್ನಡವನ್ನು ನಾನು ಸೂಚಿಸುವ ಕಾರಣ ಇನ್ನೊಂದು ಬಗೆಯದು. ಒಂದು ಪಠ್ಯವನ್ನು ಸಾಲು ಸಾಲಾಗಿ ಓದಿ, ಅದು ಹೇಳುವುದೇನು, ಹೇಳದೆ ಬಿಟ್ಟದ್ದೇನು ಎಂದು ಕಾಣುವ ಶಿಸ್ತು ಸಾಹಿತ್ಯದ ತರಗತಿಯಲ್ಲಿ ಸಿಗುತ್ತದೆ, ಸಂವಿಧಾನದ ವಿಧಿಯೊಂದನ್ನೋ ನ್ಯಾಯಾಲಯದ ತೀರ್ಪನ್ನೋ ಓದಲು ಬೇಕಾದದ್ದೂ ಅದೇ ಶಿಸ್ತು. ವಚನಗಳಲ್ಲಿ ಸಮಾನತೆಯ ವಿಚಾರ, ದಲಿತ ಮತ್ತು ಬಂಡಾಯ ಸಾಹಿತ್ಯದಲ್ಲಿ ಅಧಿಕಾರದ ವಿಚಾರ ಎಷ್ಟು ತೀವ್ರವಾಗಿ ಬಂದಿದೆ ಎಂಬುದನ್ನೂ ಮರೆಯಬಾರದು.

ಸಮಾಜಶಾಸ್ತ್ರ ಒಳ್ಳೆಯ ವಿಷಯವೇ. ಜಾತಿ ಮತ್ತು ಮತದಾನದ ಸಂಬಂಧವನ್ನು ಅದಿಲ್ಲದೆ ಅರಿಯಲಾಗದು. ಪತ್ರಿಕೋದ್ಯಮ ಬರವಣಿಗೆಯನ್ನು ಚುರುಕುಗೊಳಿಸುತ್ತದೆ. ಆದರೆ ಸಾರ್ವಜನಿಕ ಆಡಳಿತವನ್ನು ಪ್ರತ್ಯೇಕ ವಿಷಯವಾಗಿ ತೆಗೆದುಕೊಂಡರೆ ರಾಜ್ಯಶಾಸ್ತ್ರದೊಳಗಿನ ಪತ್ರಿಕೆಯೇ ದೊಡ್ಡದಾಗಿ ಮರಳಿ ಬಂದಂತಾಗುತ್ತದೆ. ಅಂಕ ಬರಬಹುದು, ಹೊಸ ದೃಷ್ಟಿ ಬರುವುದು ಕಡಿಮೆ.

ಆರು ಸೆಮಿಸ್ಟರ್‌ಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಆರು ಪರೀಕ್ಷೆಗಳೆಂದು ಭಾವಿಸಬೇಡಿ. ಅದನ್ನು ತಪ್ಪಿಸಲು ನಾನು ಸೂಚಿಸುವ ಉಪಾಯವೆಂದರೆ, ಮೊದಲ ವರ್ಷದಲ್ಲಿಯೇ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಪ್ರತಿ ಸೆಮಿಸ್ಟರ್‌ನ ಪತ್ರಿಕೆಯನ್ನೂ ಅದರ ಕಡೆಗೆ ತಿರುಗಿಸಿ ಓದುವುದು. ಬೆಂಗಳೂರಿನಲ್ಲಿ ಇರುವ ನಿಮಗೆ ಸ್ಥಳೀಯ ಸ್ವಯಂ ಆಡಳಿತಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಮೇಲೆ ಆಡಳಿತಾಧಿಕಾರಿಗಳ ಕೈಯಲ್ಲಿ ವರ್ಷಗಳೇ ಕಳೆದವು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಒಂದು ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ರೂಪುಗೊಂಡವು. ಇಷ್ಟು ದೊಡ್ಡ ನಗರ ಇಷ್ಟು ಕಾಲ ಚುನಾಯಿತ ಪಾಲಿಕೆಯಿಲ್ಲದೆ ಇರಲು ಸಾಧ್ಯವಾದದ್ದು ಹೇಗೆ ಎಂಬ ಒಂದು ಪ್ರಶ್ನೆಯನ್ನು ಹಿಡಿದುಕೊಂಡರೆ ಸಾಕು, ನಿಮ್ಮ ಪಠ್ಯಕ್ರಮದ ಅರ್ಧಕ್ಕಿಂತ ಹೆಚ್ಚು ಭಾಗ ಅದರೊಳಗೆ ಬಂದುಬಿಡುತ್ತದೆ.

ಸಿದ್ಧಾಂತದ ಪತ್ರಿಕೆಯಲ್ಲಿ ಪ್ರಾತಿನಿಧ್ಯ ಮತ್ತು ಹೊಣೆಗಾರಿಕೆಯ ಪರಿಕಲ್ಪನೆಗಳನ್ನು ಈ ಪ್ರಶ್ನೆಯೊಂದಿಗೆ ಓದಿ. ಸಂವಿಧಾನದ ಪತ್ರಿಕೆಯಲ್ಲಿ ಗ್ರಾಮ ಪಂಚಾಯಿತಿಗಳನ್ನು ಸಂಘಟಿಸಬೇಕೆನ್ನುವ 40ನೇ ವಿಧಿಯಿಂದ ಹೊರಟು, ಪಂಚಾಯಿತಿ ಮತ್ತು ನಗರ ಸಂಸ್ಥೆಗಳಿಗೆ ಸಂಬಂಧಿಸಿದ, 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳವರೆಗೆ ಬನ್ನಿ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳಿದ್ದರೂ ಅದು ತಡವಾಗುವುದು ಯಾವ ಯಾವ ಕಾರಣಗಳಿಂದ ಎಂದು ಹುಡುಕಿ. ವಾರ್ಡುಗಳ ಮರುವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂಬ ಮೂರು ಎಳೆಗಳು ಅಲ್ಲಿ ಸಿಗುತ್ತವೆ. ಭಾರತೀಯ ಚಿಂತನೆಯ ಪತ್ರಿಕೆ ಬಂದಾಗ ಗಾಂಧೀಜಿಯವರ ಗ್ರಾಮ ಸ್ವರಾಜ್ಯವನ್ನೂ, 1948ರ ನವೆಂಬರ್ 4ರಂದು ಅಂಬೇಡ್ಕರ್ ಅವರು ಸಂವಿಧಾನ ರಚನಾ ಸಭೆಯಲ್ಲಿ ಹಳ್ಳಿಯನ್ನು ಕುರಿತು ಆಡಿದ ಕಟು ಮಾತುಗಳನ್ನೂ ಎದುರುಬದುರಾಗಿಟ್ಟು ಓದಿ. ಕರ್ನಾಟಕದ ರಾಜಕೀಯದ ಪತ್ರಿಕೆಯಲ್ಲಿ, ರಾಮಕೃಷ್ಣ ಹೆಗಡೆ ಅವರ ಸರ್ಕಾರ 1983ರಲ್ಲಿ ರೂಪಿಸಿದ ಪಂಚಾಯತ್ ಕಾಯ್ದೆ, ಅದಕ್ಕಾಗಿ ಶ್ರಮಿಸಿದ ಸಚಿವ ಅಬ್ದುಲ್ ನಜೀರ್ ಸಾಬ್, 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆಗಳು, ಅಲ್ಲಿ ಮಹಿಳೆಯರಿಗೆ ದೊರೆತ ಶೇ 25ರ ಮೀಸಲಾತಿ ಬರುತ್ತವೆ. ಸಂವಿಧಾನ ತಿದ್ದುಪಡಿಗಿಂತ ಮೊದಲೇ ನಮ್ಮ ರಾಜ್ಯ ಈ ದಾರಿಯಲ್ಲಿ ಇಷ್ಟು ದೂರ ನಡೆದಿತ್ತು. ಅರ್ಥಶಾಸ್ತ್ರದ ತರಗತಿಯಲ್ಲಿ ರಾಜ್ಯ ಹಣಕಾಸು ಆಯೋಗ ಪಾಲಿಕೆಗಳಿಗೆ ಎಷ್ಟು ಹಣ ಕೊಡಬೇಕೆಂದು ಶಿಫಾರಸು ಮಾಡುತ್ತದೆ, ಆಸ್ತಿ ತೆರಿಗೆ ಎಷ್ಟು ಸಂಗ್ರಹವಾಗುತ್ತದೆ ಎಂಬ ವಿಚಾರ ಸಿಗುತ್ತದೆ. ಮೂರನೆಯ ವರ್ಷದಲ್ಲಿ ಕಿರು ಪ್ರಬಂಧಕ್ಕೆ ವಸ್ತು ಹುಡುಕುವ ಸಮಯ ಬಂದಾಗ ಸಹಪಾಠಿಗಳು ಜಾಲತಾಣಗಳಲ್ಲಿ ತಡಕಾಡುತ್ತಿದ್ದರೆ, ನಿಮ್ಮ ಬಳಿ ಎರಡು ವರ್ಷಗಳ ಟಿಪ್ಪಣಿ ಇರುತ್ತದೆ.

ಮೂಲ ದಾಖಲೆಗಳ ವಿಷಯದಲ್ಲಿ ಒಂದು ಒತ್ತಾಯ ಮಾಡುತ್ತೇನೆ. ಪ್ರತಿ ಸೆಮಿಸ್ಟರ್‌ನಲ್ಲಿ ಒಂದನ್ನಾದರೂ ಪೂರ್ತಿಯಾಗಿ ಓದಿ. ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ನೋಡಿ. 1989ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ವಿಧಾನಸಭೆಯಲ್ಲಿಯೇ ಬಹುಮತ ಸಾಬೀತುಪಡಿಸಲು ಅವಕಾಶ ಕೇಳಿದರು. ಅದನ್ನು ಕೊಡದೆ ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಕೊಟ್ಟ ತೀರ್ಪು, ಬಹುಮತದ ಪರೀಕ್ಷೆಗೆ ಸದನವೇ ತಕ್ಕ ಜಾಗವೆಂದಿತು. ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ 356ನೇ ವಿಧಿಯ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ ಹೇಳಿತು. ಗೈಡಿನಲ್ಲಿ ಇದು ನಾಲ್ಕು ಸಾಲು. ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಪರಸ್ಪರ ಒಪ್ಪದೆ ವಾದಿಸುವುದನ್ನು ಕಂಡಾಗ, ಸಂವಿಧಾನದ ಅರ್ಥ ಎಷ್ಟು ತಿಕ್ಕಾಟದಿಂದ ಮೂಡುತ್ತದೆ ಎಂದು ಗೊತ್ತಾಗುತ್ತದೆ. ಇಡೀ ತೀರ್ಪು ಕಷ್ಟವಾದರೆ ಒಬ್ಬ ನ್ಯಾಯಮೂರ್ತಿಯ ಅಭಿಪ್ರಾಯವನ್ನಷ್ಟೇ ಓದಿದರೂ ಆದೀತು.

ಕನ್ನಡ ಮಾಧ್ಯಮದ ಬಗ್ಗೆ ಕೇಳಿದ್ದೀರಿ. ಕನ್ನಡದಲ್ಲಿ ಯೋಚಿಸಿ ಬರೆಯಬಲ್ಲವರಿಗೆ ರಾಜ್ಯಶಾಸ್ತ್ರದಲ್ಲಿ ಕೊರತೆಯೇನೂ ಇಲ್ಲ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಭಾರತದ ಸಂವಿಧಾನ ಕನ್ನಡದಲ್ಲಿದೆ, ಅಂಬೇಡ್ಕರ್ ಅವರ ಬರಹ ಮತ್ತು ಭಾಷಣಗಳ ಸಂಪುಟಗಳನ್ನು ರಾಜ್ಯ ಸರ್ಕಾರವೇ ಕನ್ನಡಕ್ಕೆ ತಂದಿದೆ. ಆದರೆ ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ತೌಲನಿಕ ರಾಜಕೀಯದಲ್ಲಿ ಹೊಸ ಬರವಣಿಗೆ ಬಹುತೇಕ ಇಂಗ್ಲಿಷಿನಲ್ಲಿದೆ. ಸ್ನಾತಕೋತ್ತರ ತರಗತಿಗೆ ಹೋದಾಗ ಅದು ದಿಢೀರನೆ ಎದುರಾಗುತ್ತದೆ. ಆದ್ದರಿಂದ ಉತ್ತರ ಪತ್ರಿಕೆಯನ್ನು ಕನ್ನಡದಲ್ಲಿಯೇ ಬರೆಯಿರಿ. ಜೊತೆಗೆ ಮೊದಲ ಸೆಮಿಸ್ಟರ್‌ನಿಂದಲೇ ದಿನಕ್ಕೆ ಎರಡು ಪುಟದಷ್ಟು ಇಂಗ್ಲಿಷ್ ಗದ್ಯವನ್ನು ಓದಿ, ಅದರ ಸಾರವನ್ನು ನಿಮ್ಮ ಕನ್ನಡದಲ್ಲಿ ಬರೆದಿಡಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರದ ಪಾಠಗಳು ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಅವುಗಳ ಇಂಗ್ಲಿಷ್ ಸರಳವಾಗಿದ್ದು ಆರಂಭಕ್ಕೆ ತಕ್ಕದ್ದು. ಕೂತು ಓದಲು ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ ನಿಮಗೆ ಮೆಟ್ರೊ ಹತ್ತಿದರೆ ದೂರವೇನಲ್ಲ. ಡಿ.ವಿ. ಗುಂಡಪ್ಪನವರು ಬಸವನಗುಡಿಯಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ ಒಮ್ಮೆ ನೋಡಿಬನ್ನಿ. ಸಾರ್ವಜನಿಕ ಜೀವನದ ತಿಳಿವಳಿಕೆ ನಾಗರಿಕರಿಗೆಲ್ಲ ಬೇಕು ಎಂಬ ನಂಬಿಕೆಯಿಂದ ಹುಟ್ಟಿದ ಸಂಸ್ಥೆ ಅದು.

ಪ್ರವೇಶಕ್ಕೆ ಮುನ್ನ ಕಾಲೇಜಿನಲ್ಲಿ ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಿ. ನೀವು ಬಯಸುವ ಕಾಂಬಿನೇಷನ್‌ನ ಮೂರೂ ವಿಷಯಗಳಿಗೆ ಕಾಯಂ ಅಧ್ಯಾಪಕರಿದ್ದಾರೆಯೇ? ಪಾಠ ಕನ್ನಡದಲ್ಲಿಯೂ ನಡೆಯುತ್ತದೆಯೇ? ಮೂರನೆಯ ವರ್ಷದಲ್ಲಿ ರಾಜ್ಯಶಾಸ್ತ್ರದಲ್ಲಿಯೇ ಹೆಚ್ಚು ಪತ್ರಿಕೆಗಳನ್ನು ಓದಲು ಅವಕಾಶವಿದೆಯೇ? ಕಾಲೇಜಿನ ಹೆಸರಿಗಿಂತ ಈ ಮೂರಕ್ಕೆ ಸಿಗುವ ಉತ್ತರ ಮುಖ್ಯ.

ಪ್ರಶ್ನೆ: ನನ್ನ ಮಗನಿಗೆ ರಾಜ್ಯಶಾಸ್ತ್ರದಲ್ಲಿ ಆಸಕ್ತಿ. ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಗೆ ಸೇರಿಸಬೇಕೋ, ಮನೆಯ ಹತ್ತಿರದ ಕಾಲೇಜಿನಲ್ಲಿ ಮೂರು ವರ್ಷದ ಬಿ.ಎ.ಗೆ ಸೇರಿಸಬೇಕೋ ತಿಳಿಯದಾಗಿದೆ. ಶುಲ್ಕದಲ್ಲಿ ಬಹಳ ವ್ಯತ್ಯಾಸವಿದೆ.
— ಪೋಷಕರು, ಯಲಹಂಕ

ಉತ್ತರ: ಈ ಗೊಂದಲಕ್ಕೆ ಕಾರಣ ನೀತಿಗಳ ಬದಲಾವಣೆ. ಕರ್ನಾಟಕವು 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಅವಕಾಶವನ್ನು ತಂದಿತ್ತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ, 2024–25ರಿಂದ ರಾಜ್ಯದ ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಗೆ ಮರಳಿದವು.

ನಿಮ್ಮ ಮಗ ಪದವಿಯ ನಂತರ ಮೂರು ವರ್ಷದ ಕಾನೂನು ಪದವಿಗೋ ಬಿ.ಇಡಿ.ಗೋ ಉದ್ಯೋಗಕ್ಕೋ ಸ್ಪರ್ಧಾತ್ಮಕ ಪರೀಕ್ಷೆಗೋ ಹೋಗುವುದಾದರೆ ಮೂರು ವರ್ಷದ ಬಿ.ಎ. ಧಾರಾಳವಾಗಿ ಸಾಕು. ಎಂ.ಎ. ಮಾಡುವುದಾದರೂ ಒಟ್ಟು ಅವಧಿಯಲ್ಲಿ ವ್ಯತ್ಯಾಸವಿಲ್ಲ. ಮೂರು ವರ್ಷದ ಬಿ.ಎ. ಮೇಲೆ ಎರಡು ವರ್ಷದ ಎಂ.ಎ., ನಾಲ್ಕು ವರ್ಷದ ಪದವಿಯಾದರೆ ಮೇಲೆ ಒಂದು ವರ್ಷದ ಎಂ.ಎ., ಎರಡೂ ಕಡೆ ಐದೇ ವರ್ಷ. ನಾಲ್ಕನೆಯ ವರ್ಷದಿಂದ ನಿಜವಾದ ಲಾಭ ಸಂಶೋಧನೆಯತ್ತ ಹೊರಟವರಿಗೆ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳ ಪ್ರಕಾರ, ನಾಲ್ಕು ವರ್ಷದ ಪದವಿಯಲ್ಲಿ ಶೇ 75ರಷ್ಟು ಅಂಕ ಪಡೆದವರು ನೇರವಾಗಿ ಪಿಎಚ್‌.ಡಿ. ಪ್ರವೇಶಕ್ಕೆ ಅರ್ಹರು. ಹದಿನೆಂಟರ ಹುಡುಗ ಸಂಶೋಧನೆಯ ಹಾದಿಯನ್ನೇ ಹಿಡಿಯುತ್ತಾನೆಂದು ಈಗಲೇ ತೀರ್ಮಾನಿಸಿ ಸಾಲ ಮಾಡುವುದು ನನಗೆ ಸರಿಯೆನಿಸದು. ಉಳಿಯುವ ಹಣದಲ್ಲಿ ಒಂದು ಪಾಲನ್ನು ಪುಸ್ತಕಗಳಿಗೂ ಇಂಗ್ಲಿಷ್ ಕಲಿಕೆಗೂ ಇಟ್ಟರೆ, ಎಂ.ಎ.ಗೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಹೋಗುವ ದಾರಿ ತೆರೆದೇ ಇರುತ್ತದೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿ ನಮ್ಮದೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದೇನೆ. ಪಿಯುಸಿ ಮುಗಿಸಿ ಕೆಲವು ವರ್ಷಗಳಾಗಿವೆ. ರಾಜ್ಯಶಾಸ್ತ್ರ ಓದುವ ಹಂಬಲ ಹೋಗಿಲ್ಲ. ದೂರಶಿಕ್ಷಣದಲ್ಲಿ ಓದಿದರೆ ಪ್ರಯೋಜನವಿದೆಯೇ?
— ಓದುಗ, ಟಿ. ದಾಸರಹಳ್ಳಿ

ಉತ್ತರ: ಖಂಡಿತ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿಯೇ ಬಿ.ಎ. ಓದಬಹುದು, ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಸೇರುವ ಮುನ್ನ ಆ ವರ್ಷದ ಪ್ರವೇಶಕ್ಕೆ ಯುಜಿಸಿಯ ಮಾನ್ಯತೆ ಇರುವುದನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ನೀವೇ ನೋಡಿ ಖಚಿತಪಡಿಸಿಕೊಳ್ಳಿ, ಏಜೆಂಟರ ಮಾತನ್ನು ನಂಬಿ ಹಣ ಕಟ್ಟಬೇಡಿ.

ಪಾಳಿಯ ಕೆಲಸದವರಿಗೆ ದೊಡ್ಡ ತೊಡಕು ಒಂಟಿಯಾಗಿ ಓದುವುದು. ರಾಜ್ಯಶಾಸ್ತ್ರ ವಾದ ಪ್ರತಿವಾದದಿಂದ ಬೆಳೆಯುವ ವಿಷಯವಾದ್ದರಿಂದ, ವಾರಕ್ಕೊಮ್ಮೆಯಾದರೂ ಓದಿದ್ದನ್ನು ಮಾತನಾಡಲು ಒಬ್ಬರೋ ಇಬ್ಬರೋ ಸಹ ಓದುಗರನ್ನು ಹುಡುಕಿಕೊಳ್ಳಿ. ಮೇಲಿನ ವಿದ್ಯಾರ್ಥಿನಿಗೆ ಸೂಚಿಸಿದಂತೆ ನೀವೂ ಒಂದು ವಸ್ತುವನ್ನು ಹಿಡಿದುಕೊಂಡು ಓದಬಹುದು. ನಿಮಗೆ ಕಾರ್ಮಿಕ ಕಾನೂನುಗಳ ವಿಚಾರ ತಾನಾಗಿಯೇ ಒದಗಿಬಂದಿದೆ. ಕಾರ್ಮಿಕ ಕಲ್ಯಾಣವು ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿ ಏಕಿದೆ, ಸಂಸತ್ತು 2019 ಮತ್ತು 2020ರಲ್ಲಿ ಅಂಗೀಕರಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳಿಗೆ ರಾಜ್ಯಗಳು ನಿಯಮಗಳನ್ನು ಏಕೆ ರೂಪಿಸಬೇಕಾಗುತ್ತದೆ ಎಂಬಲ್ಲಿಂದ ಆರಂಭಿಸಿ. ಒಕ್ಕೂಟ ವ್ಯವಸ್ಥೆಯ ಅಧ್ಯಾಯವನ್ನು ನಿಮ್ಮ ಕಾರ್ಖಾನೆಯ ಸೂಚನಾ ಫಲಕದಲ್ಲಿ ಅಂಟಿಸಿರುವ ಕೆಲಸದ ವೇಳೆ ಮತ್ತು ಕನಿಷ್ಠ ವೇತನದ ಪ್ರಕಟಣೆಗಳೊಂದಿಗೆ ಹೋಲಿಸಿ ಓದಿ, ಅವುಗಳಲ್ಲಿ ಯಾವುದು ಕೇಂದ್ರದ ಕಾನೂನಿನಿಂದ ಬಂದದ್ದು, ಯಾವುದು ರಾಜ್ಯ ಸರ್ಕಾರದ ಅಧಿಸೂಚನೆಯಿಂದ ಬಂದದ್ದು ಎಂದು ಗುರುತು ಹಾಕಿಕೊಳ್ಳಿ.